ರಹದಾರಿ ಪಡೆದ ಕೊಲೆಗಾರ, ಸುರಪುರದ ಕಾದಂಬರಿಕಾರ

ನಿಜಾಮರ ಸೀಮೆಯ ಹಿಂಗೋಲಿಯ ದಂಡಿನಲ್ಲಿ ಹರಿಸಿಂಗ್ ಎಂಬ ವ್ಯಾಪಾರಿಯಿದ್ದ. ಊರಿಗೆಲ್ಲ ಬೇಕಾದ ಮರ್ಯಾದಸ್ಥ. ಮುಂಬಯಿಯಿಂದ ಬಟ್ಟೆ ತರಿಸಬೇಕೆಂದು ಹೇಳಿ ಕ್ಯಾಪ್ಟನ್ ರೆನಾಲ್ಡ್ಸ್‌ನಿಂದ ರಹದಾರಿ ಪಡೆದ. ಆ ಬಟ್ಟೆ ಬೇರೊಬ್ಬ ಸಾವುಕಾರನದು, ಆಗಲೇ ದಾರಿಯಲ್ಲಿತ್ತು. ಹರಿಸಿಂಗ್ ಆ ಸಾವುಕಾರನನ್ನೂ ಅವನ ಆಳುಗಳನ್ನೂ ಕೊಂದ. ಅದೇ ರಹದಾರಿ ತೋರಿಸಿ ಸರಕನ್ನು ಹಿಂಗೋಲಿಗೆ ತಂದು ದಂಡಿನಲ್ಲೇ ರಾಜಾರೋಷವಾಗಿ ಮಾರಿದ. ಸಿಕ್ಕಿಬಿದ್ದ ಮೇಲೆ ತಾನಾಗಿ ಬಾಯಿ ಬಿಡುವವರೆಗೆ ಯಾರಿಗೂ ಸುಳಿವಿರಲಿಲ್ಲ.

ಅವನೊಡನೆ ವ್ಯವಹಾರ ಇಟ್ಟುಕೊಂಡಿದ್ದವರಲ್ಲಿ ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಕೂಡ ಒಬ್ಬ. ದಿನವೂ ಮಾತಾಡಿಸುವ ಮನುಷ್ಯನೇ ಕೊಲೆಗಾರ ಎಂಬ ಈ ಆಘಾತವನ್ನು ಅವನು 1839ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ಮುನ್ನುಡಿಯಲ್ಲೇ ಬರೆದಿದ್ದಾನೆ. ಪೊಲೀಸ್ ಕೆಲಸದಿಂದ ತನ್ನನ್ನು ಬಿಡಿಸದಿದ್ದರೆ ಬ್ರಿಟಿಷ್ ಅಧಿಕಾರಿ ಸ್ಲೀಮನ್‌ಗಿಂತ ಮೊದಲು ತಾನೇ, ಹರಿಸಿಂಗ್‌ನಂತೆ ದಾರಿಹೋಕರನ್ನು ಕೊಂದು ದೋಚುವ ಥಗ್ಗರ ಗುಟ್ಟು ಬಯಲು ಮಾಡುತ್ತಿದ್ದೆ ಎಂಬ ಕೊರಗು ಅವನ ಆತ್ಮಕಥೆಯಲ್ಲಿ ಉಳಿದಿದೆ. ಕೈತಪ್ಪಿದ ಆ ತನಿಖೆಯೇ ಕಾದಂಬರಿಯಾಯಿತೆಂದು ನನಗೆ ಅನಿಸುತ್ತದೆ. ಅದರ ನಾಯಕ ಅಮೀರ್ ಅಲಿ 719 ಕೊಲೆಗಳನ್ನು ಒಪ್ಪಿಕೊಳ್ಳುವವನು.

ತನ್ನೊಳಗೇ ಬಾಗಿಲು ಮುಚ್ಚಿಕೊಂಡ ಸಮುದಾಯ, ಅದರೊಳಗೊಂದು ಕೊಲೆ: ಈ ಬಗೆಯ ಕತೆ ಇಂದಿಗೂ ಓದಿಸಿಕೊಳ್ಳುತ್ತದೆ. ಅಮೆರಿಕದ ಲಿಂಡಾ ಕ್ಯಾಸ್ಟಿಲೊ 2009ರಲ್ಲಿ ಶುರುಮಾಡಿದ ಸರಣಿ ಒಹಾಯೊದಲ್ಲಿ ಆಮಿಷ್ ಎಂಬ ಕ್ರೈಸ್ತ ಪಂಥದ ಜನರ ನಡುವೆ ನಡೆಯುತ್ತದೆ. ಅದರ ಪೊಲೀಸ್ ಮುಖ್ಯಸ್ಥೆ ಆ ಸಮುದಾಯದಲ್ಲೇ ಹುಟ್ಟಿ ಹೊರಬಂದವಳು, ಅವರ ಮಾತು ಬಲ್ಲವಳು. ಟೇಲರ್ ಮಾತ್ರ ಪೂರಾ ಹೊರಗಿನವನು, ಅವನಿಗೆ ಆಧಾರ ಸೆರೆಯಾಳುಗಳ ಹೇಳಿಕೆ. ಥಗ್ಗರೆಂದರೆ ಹುಟ್ಟು ಕೊಲೆಗಡುಕರ ಪಂಥ ಎಂಬ ಅವನ ಚಿತ್ರವನ್ನು ಇತಿಹಾಸಕಾರರು ಇಂದು ಪ್ರಶ್ನಿಸುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ಹುಟ್ಟಿನಿಂದಲೇ ಅಪರಾಧಿ ಎಂಬ ಅದೇ ನಂಬಿಕೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಯಿತು, ಎಷ್ಟೋ ಬಡ ಅಲೆಮಾರಿಗಳ ಹಣೆಗೆ ಕಳಂಕ ಹಚ್ಚಿತು.

ನಮ್ಮ ಸೀಮೆಗೆ ಟೇಲರ್ ಬಂದದ್ದು ಥಗ್ಗರ ಕುರಿತ ಆ ಪುಸ್ತಕವಾದ ಮೇಲೆ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ ಸೀಮೆ. 1853ರವರೆಗೆ ಅಲ್ಲಿ ಎಳೆಯ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಂಡ. ದೊರೆ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ದೊರೆಯ ಜನವಾದ ಬೇಡರ ನಡುವೆ ಬದುಕಿದ ಆ ವರ್ಷಗಳು ಟೇಲರನ ಕಣ್ಣು ಬದಲಿಸಿದವು ಎನ್ನಲು ನನಗೆ ಸಾಕ್ಷಿ ‘ಎ ನೋಬಲ್ ಕ್ವೀನ್’. ಅವನು ತೀರಿಕೊಂಡ ಮೇಲೆ, 1878ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಲಿಂಗಸುಗೂರು ಸೀಮೆಯ ಜಲದುರ್ಗವಿದೆ, ಕೃಷ್ಣೆಯಿದೆ, ಬೇಡರಿದ್ದಾರೆ. ಇಲ್ಲಿ ಅವರು ಪೊಲೀಸ್ ಕಡತದ ಆರೋಪಿಗಳಾಗಿ ಬರುವುದಿಲ್ಲ.

1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕ ಸೆರೆಸಿಕ್ಕು, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದು ಸರ್ಕಾರಿ ದಾಖಲೆ ಹೇಳುತ್ತದೆ. ಕಾದಂಬರಿಕಾರ ಟೇಲರ್ ಆ ಸಾವನ್ನು ಕತೆಯಾಗಿಸಲಿಲ್ಲ, ಆತ್ಮಕಥೆಯಲ್ಲಿ ದುಃಖದಿಂದ ನೆನೆದ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಈಗಲೂ ಇದೆ, ನೋಡಲು ಹೋಗುವವರೂ ಇದ್ದಾರೆ. ಆದರೆ ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜು ಹುಡುಗರ ಕೈಗೆ ಅವನ ಪುಸ್ತಕ ಸಿಗಬೇಕಲ್ಲವೇ? ರಾಯಚೂರಿನ ವಿಶ್ವವಿದ್ಯಾಲಯದವರು ಜಲದುರ್ಗದ ಅಧ್ಯಾಯಗಳನ್ನಾದರೂ, ಥಗ್ಗರ ಕುರಿತ ಇಂದಿನ ಚರ್ಚೆಯನ್ನೂ ಜೊತೆಗಿಟ್ಟು, ಕನ್ನಡದಲ್ಲಿ ಪಠ್ಯವಾಗಿ ತರಲಿ.