ಪಕ್ಕದ ಊರಿಗೆ ಮನೆ ಬದಲಿಸುವ ಮುನ್ನ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬರುವುದು ವಾಡಿಕೆ. ಇಂದು ನಾವು ಆಯ್ದುಕೊಂಡಿರುವ ವಿಷಯ ಮೇಲ್ನೋಟಕ್ಕೆ ವೈದ್ಯಕ್ಕೆ ಸೇರಿದ್ದಲ್ಲ. ಇರುವ ಉಪನಗರವನ್ನು ಬಿಟ್ಟು ನೆರೆಯ ಉಪನಗರಕ್ಕೆ ಸಂಸಾರ ಸಾಗಿಸಬೇಕೇ, ಬೇಡವೇ ಎಂಬುದು ಆ ವಿಷಯ. ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಸೀಮೆಯ ಕನ್ನಡ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಎಷ್ಟೋ ಸಲ ನಡೆಯುವ ಚರ್ಚೆ ಇದು.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎರಡು ಪೆಟ್ಟಿಗೆ ಹಿಡಿದು ಸಮುದ್ರ ದಾಟಿ ಬರುವಾಗ ನಮ್ಮಲ್ಲಿ ಬಹಳ ಮಂದಿ ಇಷ್ಟು ಯೋಚಿಸಿರಲಿಲ್ಲ. ಈಗ ಕೆಲವೇ ಮೈಲಿ ಆಚೆಗೆ ಹೋಗಲು ವರ್ಷಗಟ್ಟಲೆ ಲೆಕ್ಕ ಹಾಕುತ್ತೇವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಅಂದು ಹೊರಟವರು ಒಬ್ಬರೋ ಇಬ್ಬರೋ. ಇಂದು ಹೊರಡಬೇಕಾದವರು ಮೂರು ತಲೆಮಾರಿನವರು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಅಹಿತವಾಗಬಹುದು. ಆದುದರಿಂದ ‘ಯಾವ ಊರು ಒಳ್ಳೆಯದು?’ ಎಂದು ಕೇಳುವುದಕ್ಕಿಂತ ‘ಯಾರ ದಿನಚರಿ ಬದಲಾಗುತ್ತದೆ, ಯಾವಾಗ ಬದಲಾಗುತ್ತದೆ?’ ಎಂದು ಕೇಳುವುದು ಮೇಲೆಂಬುದೇ ಇಂದಿನ ನಮ್ಮ ನಿವೇದನೆ.

ಔಷಧ ಬರೆಯುವ ಮೊದಲು ರೋಗನಿದಾನ ಆಗಬೇಕು. ಊರು ಬಿಡಲು ಹೊರಟವರನ್ನು ಕಾರಣ ಕೇಳಿದರೆ ಸಾಮಾನ್ಯವಾಗಿ ಮೊದಲು ಬರುವ ಉತ್ತರ ಮಕ್ಕಳ ಶಾಲೆ. ಇಲ್ಲಿ ನಾವು ಗಮನಿಸಬೇಕಾದದ್ದು, ಈ ನಾಡಿನಲ್ಲಿ ಶಾಲಾ ಜಿಲ್ಲೆಯ ಗೆರೆಯೂ ಊರಿನ ಗೆರೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಡೈಮಂಡ್ ಬಾರ್ ನಗರವನ್ನೇ ನೋಡಿ. ಅದರ ಒಂದು ಭಾಗ ವಾಲ್ನಟ್ ವ್ಯಾಲಿ ಶಾಲಾ ಜಿಲ್ಲೆಗೆ ಸೇರಿದೆ. ಉತ್ತರದ ಭಾಗ ಪೊಮೋನಾ ಶಾಲಾ ಜಿಲ್ಲೆಗೆ. ಅಂಚೆ ವಿಳಾಸದಲ್ಲಿ ‘ಡೈಮಂಡ್ ಬಾರ್’ ಎಂದಿದ್ದ ಮಾತ್ರಕ್ಕೆ ಬಯಸಿದ ಶಾಲೆ ದೊರೆಯುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಆರ್ಟೀಸಿಯಾ ಮತ್ತು ಸೆರಿಟೋಸ್. ಊರುಗಳು ಎರಡು, ಶಾಲಾ ಜಿಲ್ಲೆ ಒಂದೇ. ಅದೇ 1965ರಲ್ಲಿ ರೂಪುಗೊಂಡ ಎ.ಬಿ.ಸಿ. ಜಿಲ್ಲೆ. ಹೆಸರಾಂತ ವಿಟ್ನಿ ಪ್ರೌಢಶಾಲೆ ಆ ಜಿಲ್ಲೆಯ ಮಕ್ಕಳಿಂದ ಅರ್ಹತೆ ನೋಡಿ ಆರಿಸಿಕೊಳ್ಳುತ್ತದೆ. ಮನೆ ಆರ್ಟೀಸಿಯಾದಲ್ಲಿದೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಸ್ಯಾನ್ ಡಿಯೇಗೋದಲ್ಲಿ ಮೀರಾ ಮೇಸಾ ಮತ್ತು ರಾಂಚೋ ಪೆನ್ಯಸ್ಕಿಟೋಸ್ ಬಡಾವಣೆಗಳ ನಡುವೆ ಇರುವುದು ಒಂದು ಕಣಿವೆ ಮಾತ್ರ. ಎರಡೂ ಒಂದೇ ಮಹಾನಗರಕ್ಕೆ ಸೇರಿವೆ, ಮೇಯರ್ ಒಬ್ಬರೇ. ಆದರೆ ಕಣಿವೆ ದಾಟಿದೊಡನೆ ಸ್ಯಾನ್ ಡಿಯೇಗೋ ಶಾಲಾ ಜಿಲ್ಲೆ ಮುಗಿದು ಪೌವೇ ಶಾಲಾ ಜಿಲ್ಲೆ ಆರಂಭವಾಗುತ್ತದೆ. ಆದುದರಿಂದ ಮನೆ ನೋಡುವ ಮುನ್ನ ಆ ಮನೆಯ ಸಂಖ್ಯೆ, ಬೀದಿಯ ಹೆಸರು ಹೇಳಿ ಶಾಲಾ ಜಿಲ್ಲೆಯ ಕಚೇರಿಯಲ್ಲಿಯೇ ವಿಚಾರಿಸಬೇಕು. ಮಾರಾಟದ ದಲ್ಲಾಳಿಯ ಕರಪತ್ರವನ್ನು ನಂಬಿ ಕೂರಬಾರದು.

ಶಾಲೆ ನಿಜವಾಗಿಯೂ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಮುಖ್ಯವಾಗುವುದು ಮಗುವಿನ ವಯಸ್ಸು. 1994ರಲ್ಲಿ ಅಮೆರಿಕದ ಸರ್ಕಾರ ಲಾಸ್ ಏಂಜಲೀಸ್ ಸೇರಿದಂತೆ ಐದು ನಗರಗಳಲ್ಲಿ ಒಂದು ಪ್ರಯೋಗ ಆರಂಭಿಸಿತು. ಕಡುಬಡತನದ ವಸತಿಗಳಲ್ಲಿದ್ದ ಕೆಲವು ಕುಟುಂಬಗಳಿಗೆ, ಬಡತನ ಕಡಿಮೆ ಇರುವ ಬಡಾವಣೆಗಳಿಗೆ ಹೋಗಲು ಬಾಡಿಗೆಯ ನೆರವು ನೀಡಿತು. ಆ ಮಕ್ಕಳು ಬೆಳೆದು ದುಡಿಯತೊಡಗಿದ ಮೇಲೆ ರಾಜ್ ಚೆಟ್ಟಿ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. 13 ವರ್ಷ ತುಂಬುವ ಮೊದಲು ಹೋದ ಮಕ್ಕಳ ಗಳಿಕೆ ಶೇಕಡಾ 31ರಷ್ಟು ಹೆಚ್ಚಾಗಿತ್ತು. ಹದಿಹರೆಯದಲ್ಲಿ ಹೋದವರಿಗೆ ಅಂಥ ಲಾಭ ಕಾಣಲಿಲ್ಲ. ತುಸು ನಷ್ಟದ ಸೂಚನೆಯೂ ಇತ್ತು. ನಮ್ಮ ಕುಟುಂಬಗಳು ಹೊರಡುವುದು ಕಡುಬಡತನದ ವಸತಿಯಿಂದಲ್ಲ. ಹಾಗಾಗಿ ಅಷ್ಟು ಲಾಭವನ್ನು ನಾವು ನಿರೀಕ್ಷಿಸಲಾಗದು. ಆದರೆ ಅದರ ಪಾಠ ನಮಗೂ ಅನ್ವಯಿಸುತ್ತದೆ: ಹೊಸ ಊರು ಫಲ ಕೊಡುವುದು ನಿಧಾನವಾಗಿ, ಬೇರೂರಲು ಕಾಲ ಇದ್ದವರಿಗೆ. ಹತ್ತನೆಯ ತರಗತಿಯ ಹುಡುಗನಿಗೆ ಆ ಕಾಲವಿಲ್ಲ. ಬೇರು ಕೀಳುವ ನೋವು ಮಾತ್ರ ಪೂರ್ತಿಯಾಗಿ ಸಿಗುತ್ತದೆ.

ಇನ್ನೊಂದು ಸಂಗತಿಯನ್ನು ತಂದೆತಾಯಂದಿರು ಮರೆಯುವುದುಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು, ತನ್ನ ಯೋಜನೆಗೆ ಸೇರಿದ ರಾಜ್ಯದ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮೊದಲ ಶೇಕಡಾ 9ರಷ್ಟು ವಿದ್ಯಾರ್ಥಿಗಳನ್ನು ಗುರುತಿಸಿ, ಸ್ಥಳವಿರುವ ಯಾವುದಾದರೊಂದು ಆವರಣದಲ್ಲಿ ಪ್ರವೇಶದ ಭರವಸೆ ನೀಡುತ್ತದೆ. ಬರ್ಕ್ಲಿಯೇ ಸಿಗುತ್ತದೆಂದು ಇದರ ಅರ್ಥವಲ್ಲ. ಆದರೆ ಸಾಧಾರಣ ಶಾಲೆಯಲ್ಲಿ ಮೊದಲ ಸಾಲಿನಲ್ಲಿದ್ದ ಮಗು, ಪೈಪೋಟಿಯ ಶಾಲೆಯಲ್ಲಿ ನಡುವಿನ ಸಾಲಿಗೆ ಸರಿಯಬಹುದು. ಆ ಮಗುವಿಗೆ ಪೈಪೋಟಿ ಹುರುಪು ತರುತ್ತದೆಯೋ ನಿದ್ದೆ ಕೆಡಿಸುತ್ತದೆಯೋ ಎಂಬುದನ್ನು ಬಲ್ಲವರು ಹೆತ್ತವರೇ ಹೊರತು ಶಾಲೆಗಳ ಅಂಕಪಟ್ಟಿಯಲ್ಲ.

ಈಗ ನಮ್ಮ ವೃತ್ತಿಗೆ ಸಮೀಪದ ಮಾತು. ಮನೆ ಕೊಳ್ಳುವಾಗ ಅಡಿಗೆಮನೆಯ ಕಲ್ಲು, ವಾಸ್ತು, ಪೂರ್ವದ ಬಾಗಿಲು ಎಲ್ಲವನ್ನೂ ನೋಡುತ್ತೇವೆ, ಗಾಳಿಯನ್ನು ನೋಡುವುದಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಿಂದ ಈ ಪ್ರದೇಶದ ಸಾವಿರಾರು ಮಕ್ಕಳ ಶ್ವಾಸಕೋಶಗಳನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದರು. 2007ರಲ್ಲಿ ಅವರು ಕಂಡುಕೊಂಡದ್ದು: ಫ್ರೀವೇಯಿಂದ 500 ಮೀಟರ್ ಒಳಗೆ ವಾಸಿಸುವ ಮಕ್ಕಳ ಶ್ವಾಸಕೋಶದ ಬೆಳವಣಿಗೆ, 1,500 ಮೀಟರಿಗಿಂತ ದೂರದಲ್ಲಿರುವ ಮಕ್ಕಳಿಗೆ ಹೋಲಿಸಿದರೆ ಕುಂಠಿತವಾಗಿರುತ್ತದೆ. ಇಂದಿನ ವಿಷಯಕ್ಕೆ ಇನ್ನೂ ಹತ್ತಿರವಾದುದು 2001ರಲ್ಲಿ ಪ್ರಕಟವಾದ ಅವರ ಮತ್ತೊಂದು ಅಧ್ಯಯನ. ಊರು ಬದಲಿಸಿದ 110 ಮಕ್ಕಳನ್ನು ಹುಡುಕಿಕೊಂಡು ಹೋಗಿ ಪರೀಕ್ಷಿಸಿದಾಗ, ದೂಳಿನ ಕಣಗಳು ಕಡಿಮೆ ಇರುವ ಊರಿಗೆ ಹೋದವರ ಶ್ವಾಸಕೋಶ ಚೆನ್ನಾಗಿ ಬೆಳೆದಿತ್ತು. ಹೆಚ್ಚು ಇರುವ ಊರಿಗೆ ಹೋದವರಲ್ಲಿ ಬೆಳವಣಿಗೆ ಕುಗ್ಗಿತ್ತು. ಮನೆಯಲ್ಲಿ ಉಬ್ಬಸದ ಮಗುವಿದ್ದರೆ 57 ಮತ್ತು 60ನೆಯ ಹೆದ್ದಾರಿಗಳು ಕೂಡುವೆಡೆಯ ಮಗ್ಗುಲಿನ ದೊಡ್ಡ ಮನೆಗಿಂತ, ಅದೇ ಊರಿನ ಒಳಬೀದಿಯ ಚಿಕ್ಕ ಮನೆ ಲೇಸು. ಎಷ್ಟೋ ವೇಳೆ ಬದಲಿಸಬೇಕಾದದ್ದು ಊರನ್ನಲ್ಲ, ಬೀದಿಯನ್ನು.

ಇನ್ನು ಹಣದ ವಿಚಾರ. 1978ರಲ್ಲಿ ಮತದಾರರು ಅಂಗೀಕರಿಸಿದ 13ನೆಯ ಪ್ರಸ್ತಾವದಂತೆ ಆಸ್ತಿ ತೆರಿಗೆಯ ಮೂಲ ದರ ಶೇಕಡಾ 1. ತೆರಿಗೆಗೆಂದು ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಕೂಡದು. ಮನೆ ಕೈಬದಲಾದಾಗ ಮಾತ್ರ ಅದು ಮಾರುಕಟ್ಟೆಯ ಬೆಲೆಗೆ ನೆಗೆಯುತ್ತದೆ. ಹೀಗಾಗಿ ಹಳೆಯ ಮನೆಯನ್ನು ಬಿಡುವವರು ಗೋಡೆ ಮಾಡುಗಳ ಜೊತೆಗೆ ಹಳೆಯ ತೆರಿಗೆಯನ್ನೂ ಬಿಡುತ್ತಾರೆ. ಇದಕ್ಕೆ ಒಂದು ವಿನಾಯಿತಿಯುಂಟು. 2020ರ 19ನೆಯ ಪ್ರಸ್ತಾವದಿಂದಾಗಿ, 55 ವರ್ಷ ತುಂಬಿದವರು ಸ್ವಂತ ವಾಸದ ಮನೆಯನ್ನು ಮಾರಿ ಎರಡು ವರ್ಷಗಳ ಅಂತರದಲ್ಲಿ ಇನ್ನೊಂದನ್ನು ಕೊಂಡರೆ, ಹಳೆಯ ಮೌಲ್ಯವನ್ನು ರಾಜ್ಯದ ಯಾವ ಕೌಂಟಿಗಾದರೂ ಒಯ್ಯಬಹುದು. ಹೊಸ ಮನೆ ದುಬಾರಿಯಾಗಿದ್ದರೆ ಬೆಲೆಗಳ ವ್ಯತ್ಯಾಸವನ್ನು ಅದಕ್ಕೆ ಸೇರಿಸುತ್ತಾರೆ. ಹೊಸ ಬಡಾವಣೆಗಳಲ್ಲಿ 1982ರ ಮೆಲ್ಲೊ-ರೂಸ್ ಕಾಯಿದೆಯ ವಿಶೇಷ ತೆರಿಗೆ ಬೇರೆ ಇರಬಹುದು, ಮೊದಲೇ ಕೇಳಬೇಕು. ಸಾಲದ ಬಡ್ಡಿಯೂ ಹಾಗೆಯೇ. 2021ರ ಜನವರಿಯಲ್ಲಿ 30 ವರ್ಷದ ಸಾಲದ ಸರಾಸರಿ ದರ ಶೇಕಡಾ 2.65ಕ್ಕೆ ಇಳಿದಿತ್ತು; 2023ರ ಅಕ್ಟೋಬರಿನಲ್ಲಿ 7.79ಕ್ಕೆ ಏರಿತು. ಅಗ್ಗದ ಬಡ್ಡಿಯ ಸಾಲವಿರುವವರು ಅದನ್ನೂ ಆಸ್ತಿಯೆಂದೇ ಎಣಿಸಬೇಕು.

ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಗಾದೆ. ಇಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೆ ಕಾಣುತ್ತದೆ; ಅದರ ಮೇಲೆ ಒಣಗಿದ ಹುಲ್ಲು ಇರುತ್ತದೆ ಎಂಬುದು ಮರೆಯುತ್ತದೆ. 2003ರ ಸೀಡರ್ ಕಾಳ್ಗಿಚ್ಚು ಸ್ಕ್ರಿಪ್ಸ್ ರಾಂಚ್‌ನಲ್ಲಿ, 2007ರ ವಿಚ್ ಕಾಳ್ಗಿಚ್ಚು ರಾಂಚೋ ಬರ್ನಾರ್ಡೋದಲ್ಲಿ ನೂರಾರು ಮನೆಗಳನ್ನು ಸುಟ್ಟಿತು. 2025ರ ಜನವರಿಯಲ್ಲಿ ಆಲ್ಟಡೀನಾ ಮತ್ತು ಪೆಸಿಫಿಕ್ ಪ್ಯಾಲಿಸೇಡ್ಸ್‌ಗಳಲ್ಲಿ ಆದದ್ದನ್ನು ಕಣ್ಣಾರೆ ಕಂಡಿದ್ದೇವೆ. 2023ರ ಮೇ ತಿಂಗಳಲ್ಲಿ ರಾಜ್ಯದ ಅತಿ ದೊಡ್ಡ ಗೃಹವಿಮಾ ಸಂಸ್ಥೆಯೇ ಹೊಸ ಅರ್ಜಿಗಳನ್ನು ನಿಲ್ಲಿಸಿತು. ಆದುದರಿಂದ ಮುಂಗಡ ಹಣ ಕೊಡುವ ಮೊದಲೇ ಆ ವಿಳಾಸಕ್ಕೆ ವಿಮೆ ಸಿಗುತ್ತದೆಯೇ, ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯುವುದು ಜಾಣತನ.

ಕೊನೆಗೆ, ಮನೆಯ ಹಿರಿಯರು. ಈ ಚರ್ಚೆಯಲ್ಲಿ ಅವರನ್ನು ಕೇಳುವವರು ಕಡಿಮೆ. ಕೇಳಿದರೂ ‘ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿಪ್ಪ’ ಎಂದುಬಿಡುತ್ತಾರೆ. ಕಾರು ಓಡಿಸದ ತಾಯಿಗೆ ಊರು ಎಂದರೆ ಕಾಲಿಗೆ ಎಟುಕುವಷ್ಟೇ. ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡ್ ಸಮೀಪ ಇರುವವರು ನಡೆದುಹೋಗಿ ಕರಿಬೇವು ತಂದು, ದಾರಿಯಲ್ಲಿ ನಾಲ್ಕು ಜನರನ್ನು ಮಾತನಾಡಿಸಿ ಬರಬಲ್ಲರು. ಅವರನ್ನು ಗುಡ್ಡದ ಮೇಲಿನ ಐದು ಕೋಣೆಗಳ ಮನೆಗೆ ಕರೆದೊಯ್ದರೆ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅದು ಕಿಟಕಿಗಳುಳ್ಳ ಸೆರೆಮನೆ. ಒಂಟಿತನ ಕೇವಲ ಮನಸ್ಸಿನ ಮಾತಲ್ಲ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಹೊರಡಿಸಿದ ಸಲಹಾಪತ್ರ, ಜನಸಂಪರ್ಕವಿಲ್ಲದ ಬದುಕಿನಿಂದ ಅಕಾಲ ಮರಣದ ಅಪಾಯ ದಿನಕ್ಕೆ 15 ಸಿಗರೇಟು ಸೇದುವುದರಷ್ಟು ಹೆಚ್ಚಬಹುದೆಂದು ಎಚ್ಚರಿಸಿತು. ಜೊತೆಗೆ ಕೌಂಟಿಯ ಗೆರೆಯನ್ನೂ ನೋಡಬೇಕು. ಡೈಮಂಡ್ ಬಾರ್‌ನಿಂದ ನೆರೆಯ ಚೀನೋ ಹಿಲ್ಸ್‌ಗೆ ಹೋದರೆ ಲಾಸ್ ಏಂಜಲೀಸ್ ಕೌಂಟಿ ಮುಗಿದು ಸ್ಯಾನ್ ಬರ್ನಾರ್ಡಿನೋ ಕೌಂಟಿ ಬರುತ್ತದೆ. ಮೆಡಿ-ಕ್ಯಾಲ್ ಯೋಜನೆಗಳೂ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳೂ ಕೌಂಟಿಯನ್ನು ಅನುಸರಿಸುತ್ತವೆ. ಹತ್ತು ವರ್ಷ ನೋಡಿಕೊಂಡ ವೈದ್ಯರು ಹೊಸ ಯೋಜನೆಯ ಪಟ್ಟಿಯಲ್ಲಿ ಇಲ್ಲದೆ ಹೋಗಬಹುದು.

ಇಷ್ಟನ್ನೂ ಒಂದೆಡೆ ಕೂಡಿಸಲು ಕಲ್ಪಿತ ಕುಟುಂಬವೊಂದನ್ನು ತೆಗೆದುಕೊಳ್ಳೋಣ. 2000ದಲ್ಲಿ 3 ಲಕ್ಷ ಡಾಲರಿಗೆ ಮೀರಾ ಮೇಸಾದಲ್ಲಿ ಮನೆ ಕೊಂಡವರು. ತಂದೆಗೆ 54 ವರ್ಷ, ಮಗ ಹತ್ತನೆಯ ತರಗತಿ, ಮಗಳು ಐದನೆಯ ತರಗತಿ, ಅಜ್ಜಿಗೆ 76. ಕಣಿವೆಯಾಚೆಗೆ 15 ಲಕ್ಷದ ಮನೆ ಕಣ್ಣಿಗೆ ಬಿದ್ದಿದೆ. ತಮ್ಮ ಮನೆಗೆ 10.5 ಲಕ್ಷ ಬರುತ್ತದೆ. ಹಳೆಯ ಮನೆಯ ತೆರಿಗೆ ಮೌಲ್ಯ 25 ವರ್ಷಗಳಲ್ಲಿ ಹೆಚ್ಚೆಂದರೆ 4.92 ಲಕ್ಷಕ್ಕೆ ಬಂದಿರುತ್ತದೆ; ಮೂಲ ತೆರಿಗೆ ವರ್ಷಕ್ಕೆ ಸುಮಾರು 4,900 ಡಾಲರ್. ಈ ವರ್ಷವೇ ಹೋದರೆ ಅದು 15,000. ತಂದೆಗೆ 55 ತುಂಬಿದ ಮೇಲೆ, ಹೊಸ ಮನೆಯನ್ನು ಕೊಂಡು ಹಳೆಯದನ್ನು ಮಾರಿದರೆ, ಇದೇ ಬೆಲೆಗಳಲ್ಲಿ ಮೌಲ್ಯ 9.42 ಲಕ್ಷ, ತೆರಿಗೆ ಸುಮಾರು 9,400. ಎರಡು ವರ್ಷ ತಡೆದರೆ ಮಗ ತನ್ನ ಗೆಳೆಯರ ನಡುವೆಯೇ ಶಾಲೆ ಮುಗಿಸುತ್ತಾನೆ. ಮಗಳಿಗೆ ಪ್ರೌಢಶಾಲೆಗೆ ಇನ್ನೂ ಒಂದು ವರ್ಷ ಉಳಿದಿರುತ್ತದೆ. ಮೂವರಿಗೂ ಕಾಯುವುದೇ ಲಾಭ. ಅಜ್ಜಿಯ ಲೆಕ್ಕ ಮಾತ್ರ ಸರಿಹೋಗುವುದಿಲ್ಲ. ಮೊಮ್ಮಗಳ ಶಾಲೆ ಹತ್ತಿರವಾದಷ್ಟೂ ಅಜ್ಜಿಯ ಅಂಗಡಿ ದೂರವಾಗುತ್ತದೆ. ಅದಕ್ಕೆ ಪರಿಹಾರವನ್ನು ಮನೆ ಕೊಂಡ ಮೇಲೆ ಹುಡುಕುವುದಲ್ಲ. ಆಕೆಯನ್ನು ವಾರಕ್ಕೆ ಮೂರು ದಿನ ಯಾರು, ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು ಹೆಸರು ಹಿಡಿದು ನಿಶ್ಚಯಿಸಬೇಕು. ನಿಶ್ಚಯಿಸಲಾಗದಿದ್ದರೆ ಈ ವರ್ಗಾವಣೆಯ ಬೆಲೆಯನ್ನು ತೆರುವವರು ಆಕೆಯೇ ಎಂಬುದನ್ನು ಒಪ್ಪಿಕೊಂಡು ಮತ್ತೊಮ್ಮೆ ಯೋಚಿಸಬೇಕು.

ಬಾಡಿಗೆ ಮನೆಯ ಕಿರಿಯ ದಂಪತಿಗಳಿಗೆ ಈ ಲೆಕ್ಕ ತಲೆಕೆಳಗು. ಬಿಟ್ಟುಹೋಗಲು ಹಳೆಯ ತೆರಿಗೆಯಿಲ್ಲ, ಮಗು ಇನ್ನೂ ಚಿಕ್ಕದು. ಅವರು ತಡಮಾಡದೆ ಹೋಗುವುದೇ ಒಳಿತು. ಕೊಳ್ಳುವ ಮೊದಲು ಅಲ್ಲಿಯೇ ಒಂದು ವರ್ಷ ಬಾಡಿಗೆಗಿದ್ದು ನೋಡಬಹುದು. ಎಲ್ಲರಿಗೂ ಒಪ್ಪುವ ಸಲಹೆ ಒಂದೇ. ಭಾನುವಾರ ಮಧ್ಯಾಹ್ನ ಖಾಲಿ ರಸ್ತೆಯಲ್ಲಿ ಹೋಗಿ ಮನೆ ನೋಡಿ ಬಂದು ತೀರ್ಮಾನಿಸಬೇಡಿ. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಆ ಬೀದಿಯಿಂದ ಶಾಲೆಗೆ, ಶಾಲೆಯಿಂದ ಕಚೇರಿಗೆ ಹೋಗಿ ನೋಡಿ. ಹಿರಿಯರನ್ನೂ ಒಂದು ಬೆಳಗಿನ ಹೊತ್ತು ಅಲ್ಲಿ ನಡೆದಾಡಲು ಬಿಡಿ. ವೈದ್ಯಶಾಸ್ತ್ರದಲ್ಲಿ ಶಸ್ತ್ರಚಿಕಿತ್ಸೆ ಬೇಕು, ಬೇಡ ಎಂಬ ಎರಡು ಉತ್ತರಗಳ ನಡುವೆ ‘ಈಗ ಬೇಡ, ಗಮನಿಸುತ್ತಿರೋಣ’ ಎಂಬ ಮೂರನೆಯದೂ ಉಂಟು. ಮನೆಯ ವಿಷಯದಲ್ಲಿಯೂ ಅದು ಗೌರವದ ಉತ್ತರವೇ.

 ಇದ್ದಲ್ಲೇ ಇರುವವರಿಗೂ ಹೊರಟು ನಿಂತವರಿಗೂ ಶುಭವಾಗಲಿ.