ತಂತ್ರಾಂಶದ ಬಾಡಿಗೆ: ತಲೆ ಎಣಿಸಿ ಒಪ್ಪೋಣ

ತೂಕದ ಚೀಟಿ, ಮುಂಗಡದ ಲೆಕ್ಕ, ಬಟವಾಡೆ ಪಟ್ಟಿ ಇವನ್ನೆಲ್ಲ ಪ್ರೋಗ್ರಾಂ ಬರೆಯಲು ಬಾರದ ಗುಮಾಸ್ತರೇ ಮೊಬೈಲಿಗೆ ಹೊಂದಿಸಿಕೊಳ್ಳಬಹುದಾದ 'ಲೋ-ಕೋಡ್' ತಂತ್ರಾಂಶಗಳು ಈಗ ದೊರೆಯುತ್ತವೆ. ಹೆಚ್ಚಿನವನ್ನು ನಾವು ಕೊಳ್ಳುವುದಿಲ್ಲ. ತೋಟವನ್ನು ಚೇಣಿಗೆ ಹಿಡಿದಂತೆ ಬಾಡಿಗೆಗೆ ಪಡೆಯುತ್ತೇವೆ. ಸಂಘದ ಹಣವೆಂದರೆ ಸದಸ್ಯರ ಹಣ. ಆದ್ದರಿಂದ ಕರಾರನ್ನು ಮೊದಲೇ ಓದಿಕೊಳ್ಳಬೇಕು.

ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್ ನೋಡೋಣ. 2021ರ ಅಕ್ಟೋಬರಿನಲ್ಲಿ ಅದರ ಪಟ್ಟಿಬೆಲೆ ತಲೆಗೆ ತಿಂಗಳಿಗೆ 40 ಡಾಲರಿನಿಂದ 20ಕ್ಕೆ ಇಳಿಯಿತು. ಅಗ್ಗವೆನಿಸಿದರೂ, ಆ ದರದಲ್ಲಿ ಹತ್ತು ಮಂದಿಗೆ ವರ್ಷಕ್ಕೆ 2,400 ಡಾಲರ್ ಆಗುತ್ತದೆ. ಕೊಯ್ಲಿನ ಮೂರು ತಿಂಗಳಷ್ಟೇ ಬಳಸುವವರನ್ನೂ ವರ್ಷಪೂರ್ತಿ ಲೆಕ್ಕಕ್ಕೆ ಹಿಡಿದರೆ ಹಣ ಸೋರುತ್ತದೆ.

ದರದಂತೆ ಶರತ್ತೂ ಬದಲಾಗುತ್ತದೆ. ಆಫೀಸ್ 365ರೊಡನೆ ಬರುತ್ತಿದ್ದ ಎಸ್‌ಕ್ಯೂಎಲ್ ಸರ್ವರ್ ಸಂಪರ್ಕವು 2019ರ ಅಕ್ಟೋಬರಿನಲ್ಲಿ ಪ್ರತ್ಯೇಕ ಹಣ ಬೇಡುವ 'ಪ್ರೀಮಿಯಂ' ದರ್ಜೆಗೆ ಹೋಯಿತು.

ಮುಂಬೈಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಮುಕ್ತ ಪರವಾನಗಿಯದು. ತಲೆಗಿಷ್ಟು ಎಂಬ ಪರವಾನಗಿ ಶುಲ್ಕ ಅದಕ್ಕಿಲ್ಲ. ಆದರೆ ಸರ್ವರಿನ ಬಾಡಿಗೆ, ನೋಡಿಕೊಳ್ಳುವವರ ಸಂಬಳ ನಮ್ಮದೇ.

ಸಹಿ ಹಾಕುವ ಮುನ್ನ ಮೂರು ಮಾತು ಕೇಳೋಣ: ಎಷ್ಟು ತಲೆಗೆ ಹಣ? ನವೀಕರಣದ ದರವೆಷ್ಟು? ಬಿಟ್ಟರೆ ನಮ್ಮ ಲೆಕ್ಕಪತ್ರ ನಮ್ಮ ಕೈಗೆ ಬರುವುದೇ?