ಹಗ್ಗ ಮೊದಲೇ ಹೇಳಿರುತ್ತದೆ

ಕಳೆದ ಬೇಸಿಗೆಯಲ್ಲಿ ಆಳಂದ ತಾಲ್ಲೂಕಿನ ಗ್ರಾಮವೊಂದರಲ್ಲಿರುವ ಬಂಧುಗಳ ಮನೆಗೆ ಹೋಗಿದ್ದೆ. ಪಕ್ಕದ ಹೊಲದಲ್ಲಿ ಹೊಸ ಬಾವಿ ತೋಡುವ ಕೆಲಸ ನಡೆದಿತ್ತು. ಕರಿಮಣ್ಣು, ಗರಸು ದಾಟಿ ಕಪ್ಪು ಬಂಡೆಗೆ ತಲುಪಿದ್ದ ಬಾವಿಯ ಅಂಚಿನಲ್ಲಿ ಡೀಸೆಲ್ ಎಂಜಿನ್ನಿನ ಸಣ್ಣ ಕ್ರೇನ್ ನಿಂತಿತ್ತು. ಕಲ್ಲು ತುಂಬಿದ ಕಬ್ಬಿಣದ ತೊಟ್ಟಿ ಮೇಲೆ ಬರುತ್ತಿತ್ತು. ಅದೇ ತೊಟ್ಟಿಯಲ್ಲಿ ನಿಂತು ಕೆಲಸಗಾರರು ಕೆಳಗಿಳಿಯುತ್ತಿದ್ದರು. ತೂಗುತ್ತಿದ್ದ ತೊಟ್ಟಿಯನ್ನು ದಡಕ್ಕೆ ಎಳೆದುಕೊಳ್ಳುತ್ತಿದ್ದ ಹುಡುಗನ ಅಂಗೈಗೆ ಹರಕು ಬಟ್ಟೆ ಸುತ್ತಿತ್ತು. ಏಕೆಂದು ವಿಚಾರಿಸಿದೆ. ‘ಹಗ್ಗದ ತಂತಿ ಮುಳ್ಳಿನಂಗ ಚುಚ್ಚತಾವ್ರೀ’ ಎಂದ.

ಹಲವು ವರ್ಷ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ಯಂತ್ರಶಾಸ್ತ್ರ ಬೋಧಿಸಿದ ನನಗೆ ಆ ಮಾತು ಕೇಳಿ ಎದೆ ಝಲ್ಲೆಂದಿತು. ಹಗ್ಗವನ್ನು ಹತ್ತಿರದಿಂದ ನೋಡಿದೆ. ಗೇಣುದ್ದದಲ್ಲೇ ಹನ್ನೊಂದು ತಂತಿಗಳು ತುಂಡಾಗಿ ಮೇಲೆದ್ದಿದ್ದವು. ಮೇಸ್ತ್ರಿಗೆ ಹೇಳಿದೆ. ‘ಇನ್ನ ಹತ್ತು ಫೂಟು ಉಳದದ ಸರ, ಮುಗದ ಮ್ಯಾಲ ಬದಲಿ ಮಾಡಮ್ರಿ’ ಎಂಬ ಉತ್ತರ ಬಂತು. ಆ ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಹಗ್ಗ ಹರಿಯಿತು. ಕೆಳಗಿದ್ದವನು ಗೋಡೆಗೆ ಒತ್ತಿ ನಿಂತದ್ದರಿಂದ ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಆತ ಬಟ್ಟೆ ಸುತ್ತಿಕೊಂಡಿದ್ದ ಹುಡುಗನ ಅಣ್ಣ.

ಇದನ್ನು ‘ದೈವೇಚ್ಛೆ’ ಎಂದು ಊರು ಒಪ್ಪಿಕೊಂಡಿದೆ. ನಾನು ಒಪ್ಪಲಾರೆ. ಉಕ್ಕಿನ ಹಗ್ಗ ಹೇಳದೆ ಕೇಳದೆ ಹರಿಯುವ ವಸ್ತುವಲ್ಲ. ಅದು ಹುಟ್ಟಿದ್ದೇ ಮುನ್ಸೂಚನೆಯ ಅಗತ್ಯದಿಂದ. ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಭಾರ ಎತ್ತುವ ಸರಪಳಿಗಳು ಪದೇ ಪದೇ ತುಂಡಾಗುತ್ತಿದ್ದವು. ಒಂದು ಕೊಂಡಿ ಮುರಿದರೆ ಇಡೀ ಸರಪಳಿ ಹೋದಂತೆಯೇ. ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕ್ಲೌಸ್ತಾಲ್‌ನ ಗಣಿಯಲ್ಲಿ ತಂತಿಗಳನ್ನು ಹೊಸೆದ ಹಗ್ಗವನ್ನು ಬಳಕೆಗೆ ತಂದ. ಅದರಲ್ಲಿ ಒಂದು ತಂತಿ ಹೋದರೆ ಉಳಿದವು ಭಾರ ಹೊರುತ್ತವೆ. ಹೋದ ತಂತಿ ಮುಳ್ಳಾಗಿ ಮೇಲೆದ್ದು ತನ್ನ ಸ್ಥಿತಿಯನ್ನು ಸಾರುತ್ತದೆ. ಅಮೆರಿಕದ ನಿರ್ಮಾಣ ಸುರಕ್ಷತಾ ನಿಯಮದ ಪ್ರಕಾರ, ಒಂದು ಎಳೆ ಹಗ್ಗವನ್ನು ಪೂರ್ತಿ ಒಂದು ಸುತ್ತು ಸುತ್ತಿಬರುವಷ್ಟು ಉದ್ದದಲ್ಲಿ ಆರು ತಂತಿ, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿ ತುಂಡಾಗಿದ್ದರೆ ಕ್ರೇನಿನ ಚಲಿಸುವ ಹಗ್ಗವನ್ನು ಕೆಲಸದಿಂದ ತೆಗೆಯಬೇಕು. ಆಳಂದದ ಆ ಹಗ್ಗ ಹುಡುಗನ ಅಂಗೈಗೆ ದಿನವೂ ಎಚ್ಚರಿಕೆ ನೀಡುತ್ತಿತ್ತು. ಅದನ್ನು ಅರ್ಥಮಾಡಿಸುವವರು ಅಲ್ಲಿರಲಿಲ್ಲ. ಅರ್ಥವಾದರೂ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ.

ಕ್ರೇನ್ ಎಂದೊಡನೆ ನಮಗೆ ಮಹಾನಗರದ ಮೆಟ್ರೊ ಕಾಮಗಾರಿ, ಬಹುಮಹಡಿ ಕಟ್ಟಡ ನೆನಪಾಗುತ್ತವೆ. ಆದರೆ ತೊಗರಿ, ಕಬ್ಬಿನ ನಾಡಾದ ಆಳಂದ, ಅಫಜಲಪುರ, ಜೇವರ್ಗಿಗಳಿಗೂ ಅದು ಅಪರಿಚಿತವಲ್ಲ. ಭೂಸನೂರು, ಹವಳಗಾ, ಮಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಕಬ್ಬಿನ ಹೊರೆಯನ್ನು ಗಾಡಿಯಿಂದ ಎತ್ತಿ ಇಳಿಸುವುದು ಕ್ರೇನ್. ಭಾರವನ್ನು ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ ಹಗ್ಗ, ಸರಪಳಿ ಅಥವಾ ಪಟ್ಟಿಗೆ ಸ್ಲಿಂಗ್ ಎನ್ನುತ್ತಾರೆ. ಹೊಲದಲ್ಲಿ ಕಬ್ಬು ಹೇರುವ ಮೊದಲೇ ಗಾಡಿಯ ತಳಕ್ಕೆ ಹಾಸಿದ ಸ್ಲಿಂಗು ಕೆಸರು, ರವದಿ, ಕಬ್ಬಿನ ರಸದಲ್ಲಿ ನೆನೆಯುತ್ತ ಹಂಗಾಮಿನುದ್ದಕ್ಕೂ ದುಡಿಯುತ್ತದೆ. ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಹೊರೆ ಮೇಲೇರುವಾಗ ಅದರಡಿ ಚಾಲಕರು ನಿಂತು ಬೀಡಿ ಹಚ್ಚುವುದನ್ನು ನಾನೇ ಕಂಡಿದ್ದೇನೆ.

ಸ್ಲಿಂಗಿನ ಲೆಕ್ಕವೂ ಮೋಸಗೊಳಿಸುವಂಥದು. ಒಂದು ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗಿನಿಂದ ನೇರವಾಗಿ ಎತ್ತಿದರೆ ಒಂದೊಂದು ಕಾಲಿನ ಮೇಲೆ ಅರ್ಧ ಟನ್ ಬೀಳುತ್ತದೆ. ಕಾಲುಗಳನ್ನು ಅಗಲಿಸಿ, ನೆಲಮಟ್ಟಕ್ಕೆ 45 ಡಿಗ್ರಿ ಕೋನದಲ್ಲಿ ಕಟ್ಟಿದರೆ ಸುಮಾರು 700 ಕಿಲೊ. 30 ಡಿಗ್ರಿಗೆ ಇಳಿದರೆ ಪ್ರತಿಯೊಂದು ಕಾಲಿನ ಮೇಲೂ ಪೂರ್ತಿ ಒಂದು ಟನ್! ಭಾರ ಹೆಚ್ಚಿಲ್ಲ, ಹಗ್ಗದ ಮೇಲಿನ ಎಳೆತ ಮಾತ್ರ ಇಮ್ಮಡಿಯಾಗಿದೆ. ಹಾಗೆಯೇ ಶಹಾಬಾದಿ ಪರಸಿಯ ಚೂಪು ಅಂಚು ಬಟ್ಟೆಯ ಪಟ್ಟಿಯನ್ನು ಕತ್ತರಿಯಂತೆ ಕೊಯ್ಯಬಲ್ಲದು. ನಡುವೆ ಮಡಚಿದ ಗೋಣಿಚೀಲ ಇಟ್ಟರೂ ಎಷ್ಟೋ ರಕ್ಷಣೆ. ಇದಕ್ಕೆಲ್ಲ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿಸಿಬಿಡಬಹುದು.

ಹಾಗಾದರೆ ಕಾನೂನು ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಎತ್ತುವ ಪ್ರತಿ ಯಂತ್ರ, ಸರಪಳಿ, ಹಗ್ಗವನ್ನು ಅರ್ಹ ವ್ಯಕ್ತಿಯೊಬ್ಬ ಕನಿಷ್ಠ 12 ತಿಂಗಳಿಗೊಮ್ಮೆ ಕೂಲಂಕಷವಾಗಿ ಪರೀಕ್ಷಿಸಬೇಕು. ಸುರಕ್ಷಿತ ಭಾರಮಿತಿಯನ್ನು ನಮೂದಿಸಿರಬೇಕು, ಅದನ್ನು ಮೀರಬಾರದು. ಹಳಿಯ ಮೇಲೆ ಚಲಿಸುವ ಕ್ರೇನು, ಹಳಿಯ ಬಳಿ ಕೆಲಸ ಮಾಡುವವನಿಗೆ ಪೆಟ್ಟಾಗುವ ಸಂಭವವಿದ್ದಲ್ಲಿ, ಆರು ಮೀಟರಿನೊಳಗೆ ಬಾರದಂತೆ ತಡೆಯಬೇಕು ಎಂದು ಅದು ವಿಧಿಸಿತ್ತು. ಆ ಕಾಯ್ದೆಯ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದರೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸ್ಥಳ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರದು. ಬಾವಿಯ ಕ್ರೇನಿನ ಬಳಿ ಇರುವವರು ಐದೋ ಆರೋ ಮಂದಿ. ಅವರ ಪಾಲಿಗೆ ಹಿಂದೆಯೂ ಕಾರ್ಖಾನೆ ಕಾಯ್ದೆ ಇರಲಿಲ್ಲ. ಈಗಿನ ಸಂಹಿತೆಯೂ ದೂರವೇ.

ಕಾನೂನಿನ ಕಣ್ಣಿರುವ ಕಡೆ ಎಲ್ಲವೂ ಸರಿಯಿದೆ ಎಂದೂ ಅಲ್ಲ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಭಾರ ಪರೀಕ್ಷೆಯ ವೇಳೆ ಕ್ರೇನ್ ಕುಸಿದು 11 ಮಂದಿ ಸತ್ತರು. 2023ರ ಅದೇ ದಿನ ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಕಾಮಗಾರಿಯಲ್ಲಿ ತೊಲೆ ಕೂರಿಸುವ ಯಂತ್ರ ಉರುಳಿ 20 ಮಂದಿ ಅಸುನೀಗಿದರು. ಅಂಥ ದುರಂತಗಳಿಗೆ ತನಿಖೆ, ಪರಿಹಾರ, ಮೊದಲ ಪುಟದ ಸುದ್ದಿ ಉಂಟು. ಬಾವಿಯ ತಳದಲ್ಲಿ ಒಂಟಿಯಾಗಿ ಪಾದ ಕಳೆದುಕೊಂಡವನಿಗೆ ಯಾವುದೂ ಇಲ್ಲ. ಕೆಲಸ ಗುತ್ತಿಗೆಯದು, ಕರಾರು ಬಾಯಿಮಾತಿನದು, ಮಾಲೀಕ ಯಾರೆಂಬುದೇ ವಿವಾದ. ಹೊಲದ ರೈತ ತಾನು ಬಾವಿಗೆ ಮಾತ್ರ ಹಣ ಕೊಟ್ಟವನು ಎನ್ನುತ್ತಾನೆ. ಕ್ರೇನಿನವನು ಹುಡುಗರು ತಾವಾಗಿಯೇ ಬಂದವರು ಎನ್ನುತ್ತಾನೆ. ರೈತನನ್ನು ದೂರಿ ಪ್ರಯೋಜನವಿಲ್ಲ. ಸಾಲ ಮಾಡಿ ನೀರು ಹುಡುಕುವ ಅವನಿಗೆ ಕೆಲಸ ನಿಂತ ಪ್ರತಿ ದಿನವೂ ಭಾರವೇ.

ಪರಿಹಾರ ಅಸಾಧ್ಯವೇನಲ್ಲ. ಮೊದಲನೆಯದಾಗಿ, ಪ್ರಾಣಾಪಾಯದ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ, ಆ ಸ್ಥಳವನ್ನು ವ್ಯಾಪ್ತಿಗೆ ತರಲು ಹೊಸ ಸಂಹಿತೆಯಲ್ಲೇ ಅವಕಾಶವಿದೆ. ಕ್ರೇನಿನಿಂದ ಮನುಷ್ಯರನ್ನು ಇಳಿಸಿ ಬಾವಿ ತೋಡುವುದು ಪ್ರಾಣಾಪಾಯದ್ದಲ್ಲವಾದರೆ ಇನ್ನಾವುದು? ನಮ್ಮ ಸಂಸದರು ಇದನ್ನು ಕೇಳಬೇಕು. ಎರಡನೆಯದಾಗಿ, ತಾಲ್ಲೂಕು ಮಟ್ಟದ ಕೈಗಾರಿಕಾ ತರಬೇತಿ ಕೇಂದ್ರಗಳು ಬೇಸಿಗೆಗೆ ಮುನ್ನ ಬಾವಿ ಕ್ರೇನುಗಳ, ಕಬ್ಬಿನ ಹಂಗಾಮಿಗೆ ಮುನ್ನ ಸ್ಲಿಂಗುಗಳ ತಪಾಸಣೆ ನಡೆಸಬಹುದು. ತಿರಸ್ಕರಿಸಿದ ಹಗ್ಗವನ್ನು ಅಲ್ಲಿಯೇ ತುಂಡರಿಸಬೇಕು. ಇಲ್ಲದಿದ್ದರೆ ಅದು ಇನ್ನೊಂದು ಬಾವಿಗೆ ಅಗ್ಗವಾಗಿ ಮಾರಾಟವಾಗುತ್ತದೆ. ಮೂರನೆಯದಾಗಿ, ಓದು ಬಾರದವರಿಗೂ ತಿಳಿಯುವ ಗುರುತುಗಳಿವೆ. ಯುರೋಪಿನ ಮಾನದಂಡದ ಪಾಲಿಯೆಸ್ಟರ್ ಪಟ್ಟಿ ಸ್ಲಿಂಗುಗಳಲ್ಲಿ ನೇರಳೆ ಬಣ್ಣವೆಂದರೆ ಒಂದು ಟನ್, ಹಸಿರು ಎರಡು, ಹಳದಿ ಮೂರು, ಬೂದು ನಾಲ್ಕು, ಕೆಂಪು ಐದು. ಈ ಬಣ್ಣಗಳ ಚಿತ್ರಪಟ ಪ್ರತಿ ಅಂಗಳದ ಗೋಡೆಯ ಮೇಲಿರಲಿ.

ಎಲ್ಲಕ್ಕಿಂತ ಮುಖ್ಯವಾದುದಕ್ಕೆ ಹಣವೇ ಬೇಡ. ಹಗ್ಗ ಹಿಡಿಯುವ ಕೈಗೆ ‘ನಿಲ್ಲಿಸಿ’ ಎನ್ನುವ ಹಕ್ಕು ಬೇಕು. ಹಾಗೆಂದ ದಿನ ಅವನ ಕೂಲಿ ಕಡಿತವಾಗಬಾರದು. ವರ್ಷಕ್ಕೊಮ್ಮೆ ಬರುವ ಪರೀಕ್ಷಕನಿಗಿಂತ ದಿನವೂ ಹಗ್ಗ ಮುಟ್ಟುವವನೇ ಉತ್ತಮ ಪರೀಕ್ಷಕ.

ಈಚೆಗೆ ಮತ್ತೆ ಆ ಊರಿಗೆ ಹೋಗಿದ್ದೆ. ಬಾವಿಯಲ್ಲಿ ನೀರು ಬಂದಿದೆ. ಅಣ್ಣ ಕಟ್ಟೆಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕುಳಿತಿದ್ದ. ತಮ್ಮ ಎಲ್ಲಿ ಎಂದೆ. ಅಫಜಲಪುರದ ಕಡೆ ಇನ್ನೊಂದು ಬಾವಿಯ ಕೆಲಸಕ್ಕೆ ಹೋಗಿದ್ದಾನಂತೆ, ಅದೇ ಕ್ರೇನಿನ ಜೊತೆ. ಹಗ್ಗ ಹೊಸದೇ ಎಂದು ಕೇಳಿದೆ. ಅಣ್ಣನಿಗೆ ಗೊತ್ತಿರಲಿಲ್ಲ.